ಸ್ಟ್ರಿಪ್‌ಗೆ ಎಣ್ಣೆ ಸವರೋ ರಂಧ್ರದ ರೋಲರ್: ಯಾವುದು ತರಿಸೋದು, ಎಲ್ಲಿಂದ?

ಹಾಸನ ಪ್ರೆಸ್‌ಶಾಪ್:
ಹಾಸನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ರೆಸ್ ಕೆಲಸ. 120 ಮಿ.ಮೀ. ಅಗಲದ ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಸ್ಟ್ರಿಪ್, 1 ಮಿ.ಮೀ. ದಪ್ಪ, ನಿಮಿಷಕ್ಕೆ 10 ಮೀಟರ್ ಓಡುತ್ತೆ. ಡೈಗೆ (ಪ್ರೆಸ್ಸಿನ ಅಚ್ಚಿಗೆ) ಹೋಗೋ ಮೊದಲು ಎರಡೂ ಬದಿಗೆ ತೆಳುವಾಗಿ ಎಣ್ಣೆ ಬೇಕು. ಬ್ರಷ್‌ನಲ್ಲಿ ಹಚ್ಚಿದರೆ ಒಂದು ಕಡೆ ಸೋರುತ್ತೆ, ಇನ್ನೊಂದು ಕಡೆ ಒಣ. ಒಳಗಿಂದ ಎಣ್ಣೆ ಒಸರೋ ರೋಲರ್, 60 ಮಿ.ಮೀ. ವ್ಯಾಸದ್ದು ಎರಡು ಬೇಕು. ಪೀಣ್ಯದಲ್ಲಿ ಸ್ಪಾಂಜ್ ರೋಲರ್ ತೋರಿಸ್ತಾರೆ, ಆನ್‌ಲೈನ್‌ನಲ್ಲಿ ಸಿಂಟರ್ಡ್ (ಪುಡಿಯನ್ನು ಬಿಸಿಯಲ್ಲಿ ಬೆಸೆದು ಮಾಡಿದ, ರಂಧ್ರವಿರೋ) ಪ್ಲಾಸ್ಟಿಕ್‌ದು ಸಿಗುತ್ತೆ. ಯಾವುದು ಸರಿ?

ಟೂಲ್‌ರೂಮ್ ಚಿಕ್ಕಮಗಳೂರು:
ಸಾರ್, ಎಣ್ಣೆ ಯಾವ ಗ್ರೇಡ್? ಚದರ ಮೀಟರಿಗೆ ಎಷ್ಟು ಗ್ರಾಂ? ಇವೆರಡನ್ನೂ ಹೇಳದೆ ರೋಲರ್ ಕೇಳಿದರೆ ಅಂಗಡಿಯವರು ತಮ್ಮ ಹತ್ತಿರ ಇರೋದನ್ನೇ ಕೊಡ್ತಾರೆ. ಸ್ಪಾಂಜ್ ಪಿವಿಎ (ನೀರು ಹೀರೋ ಒಂದು ಪ್ಲಾಸ್ಟಿಕ್) ಆಗಿದ್ದರೆ ಅದು ನೀರಿನ ಕೆಲಸಕ್ಕೆ. ಒಣಗಿದಾಗ ಮರದ ಹಾಗೆ ಗಟ್ಟಿಯಾಗುತ್ತೆ, ಎಣ್ಣೆ ಹಾಕಿದರೆ ಮೆತ್ತಗಾಗೋದೂ ಇಲ್ಲ. ಇಪಿಡಿಎಂ ರಬ್ಬರ್ ಸ್ಪಾಂಜ್ ಮಿನರಲ್ ಎಣ್ಣೆಯಲ್ಲಿ ಊದುತ್ತೆ. ನೈಟ್ರೈಲ್ ರಬ್ಬರ್ ತಡೆಯುತ್ತೆ. ಪಾಲಿಯುರಿಥೇನ್ ಫೋಮ್ ತಗೊಂಡರೆ ಎಸ್ಟರ್ ಜಾತಿ ಕೇಳಿ. ಈಥರ್ ಜಾತಿ ನೀರಿಗೆ ಒಳ್ಳೆಯದು, ಎಣ್ಣೆಗೆ ಎಸ್ಟರ್ ವಾಸಿ.

ಹಾಸನ ಪ್ರೆಸ್‌ಶಾಪ್:
ಎಣ್ಣೆ ವಿಜಿ 32 (ಮಂದತನದ ಗ್ರೇಡ್). ಒಂದೊಂದು ಬದಿಗೆ ಚದರ ಮೀಟರಿಗೆ 1.5 ಗ್ರಾಂ ಸಾಕು.

ಅರಸೀಕೆರೆ ಟರ್ನರ್:
ಹಾಗಾದರೆ ಲೆಕ್ಕ ಹಾಕಿ. ಒಂದು ಬದಿಯಲ್ಲಿ ನಿಮಿಷಕ್ಕೆ 1.2 ಚ.ಮೀ., ಅಂದರೆ 1.8 ಗ್ರಾಂ. ಎರಡೂ ಸೇರಿ 3.6 ಗ್ರಾಂ, ಸುಮಾರು 4 ಮಿ.ಲೀ. ಎಂಟು ಗಂಟೆ ಶಿಫ್ಟಿಗೆ ಎರಡು ಲೀಟರ್. ಇಷ್ಟು ಸಣ್ಣ ಹರಿವಿಗೆ ರೋಟರಿ ಯೂನಿಯನ್ (ತಿರುಗೋ ಶಾಫ್ಟಿನೊಳಗೆ ಎಣ್ಣೆ ಕೊಡೋ ಜೋಡಣೆ), ಟೊಳ್ಳು ಶಾಫ್ಟ್ ಯಾಕೆ? ಯೂನಿಯನ್ ಸೀಲಿನ ಬಿಗಿತಕ್ಕೆ ಹಗುರ ರೋಲರ್ ತಿರುಗೋದೇ ಇಲ್ಲ, ಸ್ಟ್ರಿಪ್ ಅದರ ಮೇಲೆ ಜಾರಿ ಒಂದೇ ಕಡೆ ಸವೆಸುತ್ತೆ. ಮೇಲಿನ ರೋಲರ್ ಮೇಲೆ ತೂತಿನ ಪೈಪಿಂದ ಹನಿ ಹಾಕಿ, ಕೆಳಗಿನದನ್ನು ತೊಟ್ಟಿಯಲ್ಲಿ ಅದ್ದಿ.

ಟೂಲ್‌ರೂಮ್ ಚಿಕ್ಕಮಗಳೂರು:
ಮೇಲಿನದಕ್ಕೆ ಒಪ್ಪಿದೆ ಅಣ್ಣ. ಕೆಳಗಿನದಕ್ಕೆ ಒಪ್ಪೋಕಾಗಲ್ಲ. ಅದ್ದಿದ ರೋಲರ್ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಎಣ್ಣೆ ಎತ್ತುತ್ತೆ, ಹಿಂಡೋ ರೋಲರ್ ಇನ್ನೊಂದು ಬೇಕಾಗುತ್ತೆ. ಸ್ಟ್ರಿಪ್‌ನ ಅಂಚಿನ ಕಬ್ಬಿಣದ ಪುಡಿ ತೊಟ್ಟಿಗೆ ಬಿದ್ದು ಅದೇ ಮತ್ತೆ ಸ್ಟ್ರಿಪ್‌ಗೆ ಅಂಟಿ ಡೈ ಗೀರುತ್ತೆ. ಕೆಳಗಿನದಕ್ಕೆ ಒಳಗಿಂದಲೇ ಎಣ್ಣೆ ಕೊಡಿ, ಆದರೆ ಶಾಫ್ಟನ್ನು ತಿರುಗಿಸಬೇಡಿ: ಟೊಳ್ಳು ಶಾಫ್ಟ್ ಸ್ಥಿರ, ಅದರ ಮೇಲೆ ಬುಷ್‌ನಲ್ಲಿ ತಿರುಗೋ ತೂತಿನ ಕೊಳವೆ, ಕೊಳವೆ ಮೇಲೆ ಫೆಲ್ಟ್ (ನಾರು ಒತ್ತಿ ಮಾಡಿದ ದಪ್ಪ ಹಾಳೆ). ಯೂನಿಯನ್ನೇ ಬೇಡ, ಬುಷ್ ಪಕ್ಕ ಒಂದು ಸೀಲ್ ಸಾಕು.

ಫಿಲ್ಟರ್ ಮೇಷ್ಟ್ರು:
ಸಿಂಟರ್ಡ್ ಪಾಲಿಥೀನಿನ ಬಗ್ಗೆ ಯಾರೂ ಹೇಳಿಲ್ಲ. ರಂಧ್ರ ಒಂದೇ ಸಮ, ಉದ್ದಕ್ಕೂ ಹರಿವು ಸಮ. ಆದರೆ ಮೈ ಗಟ್ಟಿ, ಸ್ಟ್ರಿಪ್‌ನ ಉಬ್ಬುತಗ್ಗಿಗೆ ಹೊಂದಲ್ಲ. ಒಮ್ಮೆ ಪುಡಿ ಸೇರಿದರೆ ತೊಳೆದು ತೆಗೆಯೋದು ಕಷ್ಟ. ಅದನ್ನು ಹೊರಮೈಗೆ ಹಾಕೋ ಬದಲು ಒಳಗಿನ ಕೊಳವೆಯಾಗಿ ಬಳಸಿ, ಮೇಲೆ ಫೆಲ್ಟ್ ಏರಿಸಿ. ರಂಧ್ರ 20–40 ಮೈಕ್ರಾನ್ ಇದ್ದರೆ ಮುಂಚೆ 10 ಮೈಕ್ರಾನ್ ಫಿಲ್ಟರ್ ಹಾಕಲೇಬೇಕು.

ಅರಸೀಕೆರೆ ಟರ್ನರ್:
ಫೆಲ್ಟ್ ಹೊದಿಕೆಯನ್ನು ಅಂಟಿಸಬೇಡಿ. ಅಂಟು ರಂಧ್ರ ಮುಚ್ಚುತ್ತೆ, ಎಣ್ಣೆಗೆ ಬಿಟ್ಟುಕೊಳ್ಳುತ್ತೆ. ಬೆಂಗಳೂರಿನಿಂದ 10 ಮಿ.ಮೀ. ಉಣ್ಣೆ ಫೆಲ್ಟ್ ಶೀಟ್ ತನ್ನಿ. ಪ್ರೆಸ್ ನಿಮ್ಮದೇ ಇದೆಯಲ್ಲ, ಕೊಳವೆಗೆ ಸರಿಯಾಗೋ ಹಾಗೆ 62 ಹೊರಗೆ, 40 ಒಳಗೆ ವಾಷರ್ ಹೊಡೆಯಿರಿ. 17 ವಾಷರ್ ಕೊಳವೆಗೆ ಪೋಣಿಸಿ, 170 ಮಿ.ಮೀ. ಇರೋದನ್ನು ಎರಡು ಬದಿಯ ಕಾಲರ್‌ನಿಂದ 140ಕ್ಕೆ ಹಿಂಡಿ. ಆಮೇಲೆ ಲೇತ್‌ನಲ್ಲಿ ಗ್ರೈಂಡಿಂಗ್ ಅಟ್ಯಾಚ್‌ಮೆಂಟ್ ಹಾಕಿ 60ಕ್ಕೆ ತನ್ನಿ. ನಾರು ಒಳಗಿಂದ ಹೊರಗೆ ಮಲಗಿರೋದರಿಂದ ಎಣ್ಣೆ ಚೆನ್ನಾಗಿ ಎಳೆಯುತ್ತೆ. ಸವೆದರೆ ಮತ್ತೆ ಹಿಂಡಿ ಮತ್ತೆ ಗ್ರೈಂಡ್ ಮಾಡಬಹುದು. ಮಿಕ್ಸ್ ಸಿಂಥೆಟಿಕ್ ಫೆಲ್ಟ್ ಬೇಡ, ಗ್ರೈಂಡ್ ಮಾಡೋವಾಗ ಕರಗಿ ಮೈ ಮುಚ್ಚಿಕೊಳ್ಳುತ್ತೆ.

ಹಾಸನ ಪ್ರೆಸ್‌ಶಾಪ್:
ಇದು ಇಲ್ಲೇ ಆಗುತ್ತೆ. ತೂತು 140 ಉದ್ದಕ್ಕೂ ಕೊರೆಯೋದಾ?

ಟೂಲ್‌ರೂಮ್ ಚಿಕ್ಕಮಗಳೂರು:
ನಡುವಿನ 100 ಮಿ.ಮೀ.ಗೆ ಮಾತ್ರ. ಸ್ಟ್ರಿಪ್ ಮುಟ್ಟದ ತುದಿಗೆ ಹೋದ ಎಣ್ಣೆ ಸುಮ್ಮನೆ ತೊಟ್ಟಿಕ್ಕುತ್ತೆ. 2.5 ಮಿ.ಮೀ. ತೂತು, 20ಕ್ಕೊಂದು, ಸುರುಳಿಯಾಗಿ ಕೊರೆಯಿರಿ. ಒಂದೇ ಸಾಲಿನಲ್ಲಿ ಕೊರೆದರೆ ಸ್ಟ್ರಿಪ್ ಮೇಲೆ ಪಟ್ಟೆ ಬೀಳುತ್ತೆ. ಸ್ಟ್ರಿಪ್ ಒತ್ತಿದಾಗ ಫೆಲ್ಟ್ 1 ಮಿ.ಮೀ.ಗಿಂತ ಹೆಚ್ಚು ಕುಗ್ಗಬಾರದು, ಕುಗ್ಗಿದರೆ ಎಣ್ಣೆಯೆಲ್ಲ ಒಳಬರೋ ಬದಿಯಲ್ಲೇ ಹಿಂಡಿ ನಿಲ್ಲುತ್ತೆ.

ಫಿಲ್ಟರ್ ಮೇಷ್ಟ್ರು:
ಹರಿವು ಹೊಂದಿಸೋಕೆ ನೀಡಲ್ ವಾಲ್ವ್ ನಂಬಿ ಕೂರಬೇಡಿ. ವಿಜಿ 32 ಅಂದರೆ 40 ಡಿಗ್ರಿಯಲ್ಲಿ 32 ಸೆಂಟಿಸ್ಟೋಕ್ ಮಂದತನ. ಡಿಸೆಂಬರ್ ಬೆಳಿಗ್ಗೆ ಶೆಡ್ 15 ಡಿಗ್ರಿ ಇದ್ದರೆ ಅದೇ ಎಣ್ಣೆ 100 ದಾಟುತ್ತೆ. ವಾಲ್ವ್ ಅದೇ ತಿರುವಿನಲ್ಲಿದ್ದರೂ ಹರಿವು 40 ಡಿಗ್ರಿಯಲ್ಲಿರೋದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ, ಮಧ್ಯಾಹ್ನ ಮತ್ತೆ ಜಾಸ್ತಿ. ಸಣ್ಣ ಮೀಟರಿಂಗ್ ಪಂಪ್ (ಅಳೆದು ಎಣ್ಣೆ ಬಿಡೋ ಪಂಪ್) ಹಾಕಿ, ಪ್ರೆಸ್‌ನ ಸ್ಟ್ರೋಕ್‌ಗೇ ಜೋಡಿಸಿ. ಟ್ಯಾಂಕ್ ಎತ್ತರದಲ್ಲಿಟ್ಟು ಇಳಿಬಿಡೋದಾದರೆ ಪ್ರೆಸ್ ನಿಂತ ಕ್ಷಣ ಮುಚ್ಚೋ ಸೊಲೆನಾಯ್ಡ್ ವಾಲ್ವ್ (ಕರೆಂಟಿನ ವಾಲ್ವ್) ಕಡ್ಡಾಯ. ಇಲ್ಲದಿದ್ದರೆ ರಾತ್ರಿಯೆಲ್ಲ ಎಣ್ಣೆ ಫೆಲ್ಟ್‌ನ ಕೆಳಭಾಗಕ್ಕೆ ಇಳಿದು, ಬೆಳಿಗ್ಗೆಯ ಮೊದಲ ಕೆಲವು ಮೀಟರ್ ಪಟ್ಟೆಪಟ್ಟೆ ಬರುತ್ತೆ.

ಹಾಸನ ಪ್ರೆಸ್‌ಶಾಪ್:
ಫೆಲ್ಟ್ ತರೋವಾಗ ಏನು ಕೇಳಬೇಕು?

ಅರಸೀಕೆರೆ ಟರ್ನರ್:
ಸಾಂದ್ರತೆ ಘನ ಸೆಂ.ಮೀ.ಗೆ 0.30ರಿಂದ 0.36 ಗ್ರಾಂ, ಪೂರ್ತಿ ಉಣ್ಣೆ. ಮೊದಲು ಒಂದು ಅಂಗೈ ಅಗಲದ ತುಂಡು ತನ್ನಿ. ನಿಮ್ಮ ಎಣ್ಣೆಯಲ್ಲಿ ಮೂರು ದಿನ ನೆನೆಸಿ, ದಪ್ಪ ಅಳೆದು ನೋಡಿ, ಬಿಳಿ ಬಟ್ಟೆಗೆ ಉಜ್ಜಿ ನೋಡಿ. ನಾರು ಬಿಟ್ಟರೆ ಆ ಶೀಟ್ ಬೇಡ.