ಜಿಮೇಲ್‌ಗೆ ಒಂದು ಮೇಲ್ ಹೋಗುತ್ತೆ, ಇನ್ನೊಂದು 550 ಅಂತ ವಾಪಸ್: ಏನು ನೋಡಬೇಕು?

ಕೇಳಿದ್ದು: ವಿಪಿಎಸ್‌ನಲ್ಲಿ (ಬಾಡಿಗೆ ವರ್ಚುವಲ್ ಸರ್ವರ್) ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸಾಫ್ಟ್‌ವೇರ್ ಇದೆ. ಬೇರೆ ಸರ್ವರ್‌ಗಳಿಗೆ ಮೇಲ್ ಸರಾಗವಾಗಿ ಹೋಗುತ್ತೆ. ಜಿಮೇಲ್‌ಗೆ ಮಾತ್ರ ಒಮ್ಮೆ ತಲುಪುತ್ತೆ, ಒಮ್ಮೆ 550 5.7.25 ಅಂತ ಬೌನ್ಸ್. ನಡುವೆ ಕಾನ್ಫಿಗ್ ಮುಟ್ಟಿಲ್ಲ, ಎಸ್‌ಪಿಎಫ್ (ನಮ್ಮ ಡೊಮೇನ್ ಪರವಾಗಿ ಯಾವ ಐಪಿಗಳು ಮೇಲ್ ಕಳಿಸಬಹುದು ಅನ್ನೋ ಡಿಎನ್‌ಎಸ್ ರೆಕಾರ್ಡ್) ಹಾಕಿದ್ದೇವೆ. ಗೊತ್ತಿದ್ದವರು ಹೇಳಿ.

ಪೋರ್ಟ್25: 5.7.25 ಅಂದರೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹುಡುಕೋದು) ತಕರಾರು, ಎಸ್‌ಪಿಎಫ್‌ಗೂ ಅದಕ್ಕೂ ಸಂಬಂಧವಿಲ್ಲ. ತಲುಪೋದು ಬೌನ್ಸ್ ಆಗೋದು ಎರಡೂ ಆಗ್ತಿದೆ ಅಂದರೆ ಬಹುತೇಕ ಐಪಿವಿ6 ಕೈವಾಡ. ಬೌನ್ಸ್‌ನಲ್ಲಿ ಚೌಕ ಕಂಸದೊಳಗೆ ನಿಮ್ಮದೇ ಐಪಿ ಇರುತ್ತೆ. ಅದರಲ್ಲಿ ಚುಕ್ಕಿ (ಐಪಿವಿ4) ಇದೆಯೋ ಕೋಲನ್ (ಐಪಿವಿ6) ಇದೆಯೋ ನೋಡಿ. ಜಿಮೇಲ್‌ಗೆ ಎರಡೂ ಬಗೆಯ ವಿಳಾಸಗಳಿವೆ, ಪೋಸ್ಟ್‌ಫಿಕ್ಸ್ ಡೀಫಾಲ್ಟ್ ಆಗಿ ಯಾವುದನ್ನು ಬೇಕಾದರೂ ಮೊದಲು ಹಿಡಿಯುತ್ತೆ. ವಿ4ಗೆ ಪಿಟಿಆರ್ (ರಿವರ್ಸ್ ಡಿಎನ್‌ಎಸ್ ರೆಕಾರ್ಡ್) ಹಾಕಿ ವಿ6 ಮರೆತಿರುತ್ತಾರೆ, ಅಷ್ಟೇ.

ಪಿಟಿಆರ್ ಅನ್ನು ಡೊಮೇನ್ ಕೊಂಡ ಕಡೆ ಹುಡುಕಬೇಡಿ, ಐಪಿ ಕೊಟ್ಟವರ ಪ್ಯಾನೆಲ್‌ನಲ್ಲಿರುತ್ತೆ. ಐಪಿ ಕೇಳಿದರೆ ಹೆಸರು ಬರಬೇಕು, ಆ ಹೆಸರಿನ ಎಎಎಎ (ವಿ6 ವಿಳಾಸದ) ರೆಕಾರ್ಡ್ ಕೇಳಿದರೆ ಅದೇ ಐಪಿ ಬರಬೇಕು. ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮ್ ಕೂಡ ಅದೇ ಹೆಸರಾಗಿರಲಿ.

ಲಾಗ್‌ಪ್ರಿಯ: ಇವತ್ತೇ ಮೇಲ್ ಹೋಗಲೇಬೇಕು ಅಂದರೆ ಪೋಸ್ಟ್‌ಫಿಕ್ಸ್ ಕಾನ್ಫಿಗ್‌ನ ಇನೆಟ್_ಪ್ರೋಟೋಕಾಲ್ಸ್ ಅನ್ನು ಐಪಿವಿ4 ಮಾಡಿ. ರೀಲೋಡ್ ಸಾಲದು, ನಿಲ್ಲಿಸಿಯೇ ಶುರುಮಾಡಬೇಕು. ಅಡ್ರೆಸ್ ಪ್ರಿಫರೆನ್ಸ್ ಬದಲಿಸಿ ಅಂತ ಕೆಲವರು ಹೇಳ್ತಾರೆ. ಅದು ಸರದಿ ಬದಲಿಸುತ್ತೆ ಅಷ್ಟೇ, ವಿ4 ಕೈಕೊಟ್ಟರೆ ಮತ್ತೆ ವಿ6ಗೇ ಹೋಗುತ್ತೆ.

ಪೋರ್ಟ್25: ತಾತ್ಕಾಲಿಕಕ್ಕೆ ಸರಿ. ಆದರೆ ಹೀಗೆ ಮಾಡಿದರೆ ಒಳಬರುವ ಮೇಲ್‌ಗೂ ವಿ6 ಬಂದ್, ಅದೂ ನೆನಪಿರಲಿ.

ತಿಟ್ಟುಮನೆ: ಪಿಟಿಆರ್ ಸರಿಹೋದ ಮೇಲೆ ಮುಂದಿನ ತಡೆ 5.7.26 ಆಗಬಹುದು, ಅಂದರೆ ದೃಢೀಕರಣ ಪಾಸ್ ಆಗಿಲ್ಲ. ಎಸ್‌ಪಿಎಫ್ ಇದೆ ಅಂದಿರಿ, ಅದರಲ್ಲಿ ಐಪಿ6 ಭಾಗ ಇದೆಯಾ? ಒಂದೇ ಡೊಮೇನ್‌ಗೆ ಎರಡು ಎಸ್‌ಪಿಎಫ್ ರೆಕಾರ್ಡ್ ಇದ್ದರೆ ಪರ್ಮ್‌ಎರರ್ (ಶಾಶ್ವತ ದೋಷ); ಎರಡನ್ನೂ ಒಂದರಲ್ಲೇ ಸೇರಿಸಿ. ಡಿಎನ್‌ಎಸ್ ಲುಕಪ್ 10 ದಾಟಿದರೂ ಅದೇ ಗತಿ. ಇನ್‌ಕ್ಲೂಡ್, ಎ, ಎಂಎಕ್ಸ್ ಲೆಕ್ಕಕ್ಕೆ ಬರುತ್ತವೆ, ಇನ್‌ಕ್ಲೂಡ್ ಒಳಗಿನ ಇನ್‌ಕ್ಲೂಡ್ ಕೂಡ. ಐಪಿ4, ಐಪಿ6 ಬರುವುದಿಲ್ಲ.

ಮೇಲ್ ಫಾರ್ವರ್ಡ್ ಆದರೆ ಎಸ್‌ಪಿಎಫ್ ಸಾಮಾನ್ಯವಾಗಿ ಮುರಿಯುತ್ತೆ, ಹಾಗಾಗಿ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಬೇಕೇ ಬೇಕು. ಅದರ 2048 ಬಿಟ್ ಕೀ ಒಂದೇ ಸಾಲಲ್ಲಿ ಹಿಡಿಸದು. ಕೀ ಹಾಕುವ ಡಿಎನ್‌ಎಸ್ ಟಿಎಕ್ಸ್‌ಟಿ ರೆಕಾರ್ಡ್‌ನ ಒಂದು ಸ್ಟ್ರಿಂಗ್‌ಗೆ ಮಿತಿ 255 ಅಕ್ಷರ. ಒಡೆದು ಹಾಕುವಾಗ ತುಂಡುಗಳ ನಡುವೆ ಕೊಟೇಶನ್ ತಪ್ಪಿದರೆ ಸಹಿ ಹೊಂದುವುದಿಲ್ಲ. ಜಿಮೇಲ್‌ನಲ್ಲಿ ತಲುಪಿದ ಮೇಲ್‌ನ ‘ಶೋ ಒರಿಜಿನಲ್’ ತೆರೆದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಆ ಎರಡನ್ನೂ ‘ಫ್ರಮ್’ ಡೊಮೇನ್ ಜೊತೆ ತಾಳೆ ನೋಡುವ ನಿಯಮ) ಮೂರರ ಫಲಿತಾಂಶ ಮೇಲೆಯೇ ಕಾಣುತ್ತೆ.

ಲಾಗ್‌ಪ್ರಿಯ: 5ರಿಂದ ಶುರುವಾದ ಕೋಡ್ ಶಾಶ್ವತ ನಿರಾಕರಣೆ, ಸರಿಪಡಿಸಿ ಹೊಸದಾಗಿ ಕಳಿಸಬೇಕು. 4ರದ್ದು ಬರೀ ‘ಆಮೇಲೆ ಬಾ’. ಗ್ರೇಲಿಸ್ಟಿಂಗ್ (ಗುರುತಿಲ್ಲದವರ ಮೇಲ್ ಅನ್ನು ಮೊದಲ ಸಲ ಬೇಕೆಂದೇ ತಡೆಯೋದು) ಇದ್ದರೆ 450 ಅಥವಾ 451 ಬರುವುದೇ ಸಹಜ. ಪೋಸ್ಟ್‌ಫಿಕ್ಸ್ ತಾನೇ 5 ದಿನ ಪ್ರಯತ್ನಿಸುತ್ತೆ. ಕ್ಯೂ ಫ್ಲಶ್ (ಬಾಕಿ ಮೇಲ್ ತಕ್ಷಣ ಮತ್ತೆ ಕಳಿಸೋದು) ಮಾಡ್ತಾ ಕೂತರೆ ಆ ಕಡೆಯವರಿಗೆ ಇನ್ನಷ್ಟು ಅನುಮಾನ.

ಕಾರಿಡಾರ್: ಇಲ್ಲೊಂದು ಅಡ್ಡಮಾತು. ಐಪಿ ಬ್ಲಾಕ್‌ಲಿಸ್ಟ್‌ನಲ್ಲಿದೆಯಾ ಅಂತ ಸ್ಪ್ಯಾಮ್‌ಹೌಸ್ (ಇಂಥ ಪಟ್ಟಿ ಇಡುವ ಸಂಸ್ಥೆ) ಅನ್ನು ಕೇಳುವಾಗ 8.8.8.8 ಥರದ ಪಬ್ಲಿಕ್ ರಿಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್) ಬಳಸಬೇಡಿ. 127.255.255.254 ಅಂತ ಉತ್ತರ ಬಂದರೆ ಅದು ‘ಪಟ್ಟಿಯಲ್ಲಿದ್ದೀರಿ’ ಅಂತಲ್ಲ, ‘ಈ ದಾರಿಯಲ್ಲಿ ಕೇಳಬೇಡಿ’ ಅಂತ. ನಿಮ್ಮ ಸರ್ವರ್ ಇದನ್ನು ಪಟ್ಟಿ ಎಂದೇ ಓದಿಕೊಂಡರೆ ಒಳಬರುವ ಮೇಲ್ ಎಲ್ಲ ವಾಪಸ್. ಲೋಕಲ್ ಅನ್‌ಬೌಂಡ್ (ನಿಮ್ಮದೇ ಸರ್ವರ್‌ನಲ್ಲಿ ಓಡುವ ರಿಸಾಲ್ವರ್) ಹಾಕಿಕೊಳ್ಳಿ, ಅದು ಫಾರ್ವರ್ಡರ್ ಇಲ್ಲದೆ ನೇರ ಕೇಳುವಂತಿರಲಿ.