ಒಂದು ಮೆಗಾವಾಟ್ ಅಂದರೆ ಎಷ್ಟು ಕರೆಂಟು?

ಪ್ರಶ್ನೆ (ಸಾಗರದಿಂದ): ಸರ್, ಲಿಂಗನಮಕ್ಕಿ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್ ತೆಗೀತಾರೆ ಅಂತಾರಲ್ಲ, ಅದು ಗಂಟೆಗೋ ದಿನಕ್ಕೋ? ನಮ್ಮ ಬಿಲ್ಲಿನ ಯೂನಿಟ್ಟಿಗೆ ಹೇಗೆ ತಾಳೆ ಹಾಕೋದು?

ಉತ್ತರ: ಎರಡೂ ಅಲ್ಲ. ಮೆಗಾವಾಟ್ ಅನ್ನೋದು ಆ ಕ್ಷಣಕ್ಕೆ ಕರೆಂಟು ಹುಟ್ಟುವ ವೇಗ. 1 ಮೆಗಾವಾಟ್ ಅಂದರೆ 1000 ಕಿಲೋವಾಟ್. ಬಿಲ್ಲಿನ 1 ಯೂನಿಟ್ ಅಂದರೆ 1 ಕಿಲೋವಾಟ್ ವೇಗದಲ್ಲಿ ಒಂದು ಗಂಟೆ ಓಡಿದಷ್ಟು ಕರೆಂಟು. ಅದೇ ವೇಗದಲ್ಲಿ ಒಂದು ಗಂಟೆ ಓಡಿದರೆ 1000 ಯೂನಿಟ್. ಶರಾವತಿಯಲ್ಲಿ 103.5 ಮೆಗಾವಾಟಿನ 10 ಘಟಕಗಳಿವೆ. ಹತ್ತೂ ಪೂರ್ತಿ ಲೋಡಿನಲ್ಲಿ ಒಂದು ಗಂಟೆ ತಿರುಗಿದರೆ 10.35 ಲಕ್ಷ ಯೂನಿಟ್, ಇಡೀ ದಿನವಾದರೆ 2.48 ಕೋಟಿ. ಆದರೆ ವರ್ಷವಿಡೀ ಹಾಗೆ ಓಡಿಸುವಷ್ಟು ನೀರಿರಲ್ಲ. ಜಲ ಘಟಕ ಕೆಲವೇ ನಿಮಿಷದಲ್ಲಿ ಚಾಲೂ ಆಗೋದರಿಂದ ಬೇಡಿಕೆ ಏರುವ ಬೆಳಗ್ಗೆ, ಸಂಜೆಗೆ ನೀರು ಉಳಿಸಿಟ್ಟುಕೊಳ್ಳೋದೇ ಜಾಣತನ. 'ಗಂಟೆಗೆ ಇಷ್ಟು ಮೆಗಾವಾಟ್' ಅಂತ ಎಲ್ಲಿ ಕಂಡರೂ ಅದು ತಪ್ಪು ಲೆಕ್ಕ.

ಪ್ರಶ್ನೆ (ತೀರ್ಥಹಳ್ಳಿಯಿಂದ): ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡಿದಾಗ ವೋಲ್ಟೇಜ್ ಬಿದ್ದುಹೋಗುತ್ತೆ. 1 ಮೆಗಾವಾಟಿಗೆ ಎಷ್ಟು ಪಂಪು ಓಡಬಹುದು?

ಉತ್ತರ: 1 ಎಚ್‌ಪಿ ಅಂದರೆ 746 ವಾಟ್. 5 ಎಚ್‌ಪಿ ಮೋಟರಿನ ದಕ್ಷತೆ ಶೇ 85 ಅಂತಿಟ್ಟುಕೊಂಡರೆ ಲೈನಿನಿಂದ ಎಳೆಯೋದು ಸುಮಾರು 4.4 ಕಿಲೋವಾಟ್. ಹಾಗಾಗಿ 1 ಮೆಗಾವಾಟಿಗೆ ಸುಮಾರು 225 ಪಂಪು.

ಇಲ್ಲಿ ಪವರ್ ಫ್ಯಾಕ್ಟರ್, ಅಂದರೆ ಲೈನಿನಿಂದ ಎಳೆದ ಒಟ್ಟು ಹೊರೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ನೋಡಲೇಬೇಕು. ಟ್ರಾನ್ಸ್‌ಫಾರ್ಮರನ್ನು ಅಳೆಯೋದು ಆ ಒಟ್ಟು ಹೊರೆಯ ಅಳತೆಯಾದ ಎಂವಿಎ (ಮೆಗಾ ವೋಲ್ಟ್ ಆಂಪಿಯರ್) ಲೆಕ್ಕದಲ್ಲಿ. ಪವರ್ ಫ್ಯಾಕ್ಟರ್ 0.8 ಇದ್ದರೆ 5 ಎಂವಿಎ ಟ್ರಾನ್ಸ್‌ಫಾರ್ಮರಿನಿಂದ ಸಿಗೋದು 4 ಮೆಗಾವಾಟ್ ಮಾತ್ರ, 0.95ಕ್ಕೆ ತಂದರೆ 4.75. 11 ಕೆವಿ ಲೈನಿನಲ್ಲಿ ಅದೇ 1 ಮೆಗಾವಾಟಿಗೆ 66 ಆಂಪಿಯರ್ ಹರಿಯುತ್ತಿದ್ದದ್ದು 55ಕ್ಕೆ ಇಳಿಯುತ್ತೆ. ತಂತಿಯಲ್ಲಿ ಸೋರುವ ನಷ್ಟ ಸುಮಾರು ಶೇ 30 ಕಡಿಮೆ. ಪವರ್ ಫ್ಯಾಕ್ಟರ್ ಹೀಗೆ ಏರಿಸಲು 5 ಎಚ್‌ಪಿ ಮೋಟರಿಗೆ 2 ಕೆವಿಎಆರ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ) ಕೆಪಾಸಿಟರ್ ಸಾಕು. ಅದನ್ನು ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ಕಡೆ ಕೂಡಿಸಬೇಕು. ಮೇನ್ ಸ್ವಿಚ್ಚಿನ ಕಡೆ ಕೂಡಿಸಿದರೆ ಮೋಟರ್ ನಿಂತ ಮೇಲೂ ಅದು ಲೈನಿನಲ್ಲೇ ಉಳಿದು, ರಾತ್ರಿ ಲೋಡ್ ಇಲ್ಲದ ಹೊತ್ತಿಗೆ ವೋಲ್ಟೇಜ್ ಏರಿಸುತ್ತೆ. ಕರೆಂಟ್ ತೆಗೆದು, ಕೆಪಾಸಿಟರ್ ಖಾಲಿಯಾಗಲು ಬಿಟ್ಟು ಆಮೇಲೆ ಕೈ ಹಾಕಿ.

ಪ್ರಶ್ನೆ (ಹೊಸನಗರದಿಂದ): ಸೋಲಾರಿನ 1 ಮೆಗಾವಾಟೂ ಇದೇ ಲೆಕ್ಕವೇ?

ಉತ್ತರ: ವೇಗದ ಲೆಕ್ಕ ಅದೇ, ಯೂನಿಟ್ ಬೇರೆ. ನಿಲ್ಲದೆ ಓಡಿದರೆ 1 ಮೆಗಾವಾಟ್ ವರ್ಷಕ್ಕೆ 87.6 ಲಕ್ಷ ಯೂನಿಟ್. ಸೋಲಾರಿನಿಂದ ಬಯಲುಸೀಮೆಯಲ್ಲಿ ಸುಮಾರು 15 ಲಕ್ಷ ಸಿಕ್ಕೀತು. ನಮ್ಮ ಮಳೆಗಾಲದ ಮೋಡಕ್ಕೆ ಅದಕ್ಕಿಂತ ಕಮ್ಮಿಯೇ. ಕೊಟೇಶನ್ ತಗೊಳ್ಳುವಾಗ ಮೆಗಾವಾಟ್ ಅಲ್ಲ, ನಿಮ್ಮ ಊರಿಗೆ ತಿಂಗಳುವಾರು ಎಷ್ಟು ಯೂನಿಟ್ ಅಂತ ಬರೆಸಿಕೊಳ್ಳಿ, ಜುಲೈ ಸಾಲನ್ನು ಮೊದಲು ನೋಡಿ.