“ಅನ್‌ಲಿಮಿಟೆಡ್” ಪ್ಲಾನ್ ಹಾಕಿಸಿದರೂ ಬೆಳಿಗ್ಗೆ ಹನ್ನೊಂದಕ್ಕೇ ಡೇಟಾ ಮುಗಿಯುವುದೇಕೆ?

ಪ್ರಶ್ನೆ: ಅಡಿಕೆ ತೋಟದವನು, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ನನ್ನ ಮಗಳು ಕೆಲವು ತಿಂಗಳುಗಳಿಂದ ಊರಿನ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದಾಳೆ. ನಮ್ಮ ಕಡೆಗೆ ಫೈಬರ್ ಇನ್ನೂ ಬಂದಿಲ್ಲವಾದ್ದರಿಂದ ಅವಳ ಲ್ಯಾಪ್‌ಟಾಪಿಗೆ ಮೊಬೈಲಿನ ಹಾಟ್‌ಸ್ಪಾಟೇ ಗತಿ. ಪಕ್ಕದ ಗುಡ್ಡದ ಟವರಿಗೆ 5ಜಿ ಬಂದಿದೆ ಎಂದು ತಿಳಿದ ಮೇಲೆ ಹೊಸ ಫೋನನ್ನೂ ಕೊಂಡು, ದಿನಕ್ಕೆ 2 ಜಿಬಿ ಹಾಗೂ “ಅನಿಯಮಿತ 5ಜಿ” ಎಂದು ಬರೆದಿರುವ 84 ದಿನಗಳ ಪ್ಲಾನನ್ನು ಹಾಕಿಸಿದೆ.

ತೊಂದರೆ ಏನೆಂದರೆ, ಫೋನಿನ ಮೇಲ್ತುದಿಯಲ್ಲಿ 5ಜಿ ಎಂಬ ಗುರುತು ಕಾಣುತ್ತಿರುವಾಗಲೇ, ಬೆಳಿಗ್ಗೆ ಎರಡು ವೀಡಿಯೊ ಮೀಟಿಂಗ್ ಮುಗಿಯುವಷ್ಟರಲ್ಲಿ ಮೊದಲು ಶೇ. 50, ಆಮೇಲೆ ಶೇ. 90, ಕೊನೆಗೆ ಶೇ. 100ರಷ್ಟು ಡೇಟಾ ಬಳಕೆಯಾಗಿದೆ ಎಂಬ ಸಂದೇಶಗಳು ಬರುತ್ತವೆ. ಅಲ್ಲಿಂದ ಮುಂದೆ ನಡುರಾತ್ರಿಯವರೆಗೆ ಯಾವ ಕೆಲಸವೂ ಸಾಗುವುದಿಲ್ಲ. ಮೊನ್ನೆ ಅಂಥ ಹೊತ್ತಿನಲ್ಲಿ ಪಹಣಿ ತೆಗೆಯಲು ಕುಳಿತೆ. ಪುಟ ತೆರೆದು ಸರ್ವೆ ನಂಬರ್ ತುಂಬುವಷ್ಟರಲ್ಲಿ ಮನೆಯವಳು ಕೊಟ್ಟ ಕಾಫಿ ಆರಿತ್ತು, ಪಹಣಿ ಬರಲಿಲ್ಲ. ವಿಚಿತ್ರವೆಂದರೆ ಕೆಲವು ದಿನ ಡೇಟಾ ಮುಗಿದ ಮೇಲೂ ಇದ್ದಕ್ಕಿದ್ದಂತೆ ವೇಗ ಬಂದು, ಮತ್ತೆ ಹೋಗುತ್ತದೆ.

ಕಂಪನಿಗೆ ಕರೆ ಮಾಡಿದರೆ “ಷರತ್ತುಗಳ ಪ್ರಕಾರವೇ ಇದೆ ಸಾರ್” ಎಂಬ ಒಂದೇ ಉತ್ತರ. ಮಿತಿಯಿಲ್ಲ ಎಂದು ಮಾರಿದ ಮೇಲೆ ಮಿತಿ ಎಲ್ಲಿಂದ ಬಂತು? ಇದು ನಮ್ಮ ಫೋನಿನ ದೋಷವೇ, ಟವರಿನದೇ ಅಥವಾ ಕಂಪನಿಯವರ ಜಾಣತನವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಳೆಯ ಟವರ್ ಕೆಲಸಗಾರ, ಶಿವಮೊಗ್ಗ

ನಾನು ಹಲವು ವರ್ಷ ಮೊಬೈಲ್ ನೆಟ್‌ವರ್ಕ್ ನಿರ್ವಹಣೆಯಲ್ಲಿದ್ದವನು. ನಿಮ್ಮ ಬರಹದ ಕೊನೆಯಲ್ಲಿರುವ “ಇದ್ದಕ್ಕಿದ್ದಂತೆ ವೇಗ ಬಂದು ಮತ್ತೆ ಹೋಗುತ್ತದೆ” ಎಂಬ ಮಾತಿನಲ್ಲೇ ಉತ್ತರ ಇದ್ದಂತಿದೆ.

ನಿಮ್ಮ ಪ್ಲಾನಿನಲ್ಲಿ ಎರಡು ಬೇರೆ ಬೇರೆ ಖಾತೆಗಳಿವೆ ಎಂದು ತಿಳಿಯಿರಿ. ಫೋನು ನಿಜವಾಗಿ 5ಜಿಯ ಮೂಲಕ ತರಿಸಿಕೊಂಡ ಡೇಟಾ ಒಂದು ಖಾತೆಗೆ ಹೋಗುತ್ತದೆ, ಅದಕ್ಕೆ ದಿನದ ಮಿತಿ ಇಲ್ಲ. ಅದೇ ಫೋನು 4ಜಿಗೆ ಇಳಿದ ಕ್ಷಣದಿಂದ ಬಳಸಿದ್ದೆಲ್ಲವೂ 2 ಜಿಬಿ ಎಂಬ ಇನ್ನೊಂದು ಖಾತೆಯಿಂದ ಕಡಿತವಾಗುತ್ತದೆ. ವೀಡಿಯೊ ಮೀಟಿಂಗ್ ಗಂಟೆಗೆ ಹೆಚ್ಚುಕಡಿಮೆ ಒಂದು ಜಿಬಿಯನ್ನು ನುಂಗುವುದರಿಂದ, 4ಜಿಯಲ್ಲಿ ನಡೆದ ಎರಡು ಮೀಟಿಂಗ್‌ಗಳಿಗೆ ಆ ದಿನದ ಪಾಲು ಮುಗಿಯುತ್ತದೆ. ಮುಗಿದ ಮೇಲೂ ಫೋನಿಗೆ 5ಜಿ ಸಿಕ್ಕಾಗ ವೇಗ ಮರಳುತ್ತದೆ, ತಪ್ಪಿದಾಗ ಕುಸಿಯುತ್ತದೆ. ನೀವು ಕಾಣುತ್ತಿರುವುದು ಇದನ್ನೇ.

ಪರದೆಯ ಮೇಲಿನ 5ಜಿ ಗುರುತನ್ನು ಮಾತ್ರ ಪೂರ್ತಿ ನಂಬಬೇಡಿ. ನಮ್ಮ ದೇಶದಲ್ಲಿ 5ಜಿಯನ್ನು ಎರಡು ಬಗೆಯಲ್ಲಿ ಕಟ್ಟಿದ್ದಾರೆ. ಜಿಯೊ ಸ್ವತಂತ್ರ 5ಜಿಯನ್ನು ಕಟ್ಟಿತು; ಏರ್‌ಟೆಲ್ ಮೊದಲಿಗೆ 4ಜಿಯ ಆಸರೆಯಲ್ಲಿ ನಡೆಯುವ ಬಗೆಯನ್ನು ಆರಿಸಿಕೊಂಡಿತು. ಈ ಎರಡನೆಯ ಬಗೆಯಲ್ಲಿ, ಸುತ್ತಮುತ್ತ 5ಜಿ ಲಭ್ಯವಿದೆ ಎಂಬ ಸೂಚನೆ ಟವರಿನಿಂದ ಬಂದರೆ ಸಾಕು, ಡೇಟಾ 4ಜಿಯಲ್ಲೇ ಹರಿಯುತ್ತಿದ್ದರೂ ಗುರುತು ಕಾಣಿಸಿಕೊಳ್ಳಬಹುದು. ಇದರ ಜೊತೆಗೆ ಮಲೆನಾಡಿನ ಮನೆಗಳನ್ನು ನೋಡಿ: ದಪ್ಪ ಮಣ್ಣಿನ ಗೋಡೆ, ತಗ್ಗಾದ ಮಾಡು, ಸುತ್ತಲೂ ತೋಟ. 5ಜಿಗೆ ಹೆಚ್ಚಾಗಿ ಬಳಸುವ 3.5 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳು ವೇಗದಲ್ಲಿ ಮುಂದಿದ್ದರೂ ಗೋಡೆ, ಮರ, ಗುಡ್ಡಗಳ ಮುಂದೆ ಸೋಲುತ್ತವೆ. 4ಜಿಗೆ ಬಳಕೆಯಾಗುವ 850, 900 ಮೆಗಾಹರ್ಟ್ಸ್ ತರಂಗಗಳು ಅದೇ ಗೋಡೆಯನ್ನು ದಾಟಿ ಒಳಕೋಣೆಯವರೆಗೂ ಬರುತ್ತವೆ. ಬಚ್ಚಲಮನೆಯಲ್ಲೂ ಸಿಗ್ನಲ್ ಇದೆ ಎಂದು ನೀವು ಹಿಗ್ಗುವಾಗ ಅದು ಬಹುಮಟ್ಟಿಗೆ 4ಜಿಯೇ ಆಗಿರುತ್ತದೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಕಂಪನಿಯ ಆ್ಯಪ್ ತೆರೆದು ಆ ದಿನದ ಉಳಿಕೆಯನ್ನು ಬರೆದಿಟ್ಟುಕೊಳ್ಳಿ. ಈಗ ನಿಮ್ಮ ಮಗಳು ಕೂರುವ ಜಾಗದಲ್ಲಿ ಒಂದು ಗಂಟೆಯ ಮೀಟಿಂಗ್ ಮುಗಿಸಿ ಮತ್ತೆ ನೋಡಿ. ಮಾರನೆಯ ದಿನ ಅದೇ ಕೆಲಸವನ್ನು ಟವರಿನ ದಿಕ್ಕಿಗೆ ತೆರೆದಿರುವ ಎತ್ತರದ ಜಾಗದಲ್ಲಿ ಮಾಡಿ. ಎರಡು ಕಡಿತಗಳ ನಡುವಿನ ವ್ಯತ್ಯಾಸ ನಿಮಗೆ ನನ್ನ ಮಾತಿಗಿಂತ ಚೆನ್ನಾಗಿ ವಿಷಯ ತಿಳಿಸುತ್ತದೆ. ಫೋನನ್ನು 5ಜಿಗೆ ಮಾತ್ರ ಕಟ್ಟಿಹಾಕುವ ಗುಪ್ತ ಸೆಟ್ಟಿಂಗ್ ಕೆಲವು ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿದೆ, ಆದರೆ 4ಜಿಯ ಆಸರೆ ಬೇಕಾದ ನೆಟ್‌ವರ್ಕಿನಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ, ಬೇರೆಡೆಯೂ ಕರೆಗಳು ಬಾರದೆ ಹೋಗುವ ಅಪಾಯವಿದೆ. ಆದ್ದರಿಂದ ಅದರ ಗೋಜಿಗೆ ಹೋಗದಿರುವುದು ಒಳ್ಳೆಯದು.

ಇನ್ನು “ಅನ್‌ಲಿಮಿಟೆಡ್” ಎಂಬ ಮಾತಿನ ಲೆಕ್ಕ. ದಿನದ ಪಾಲು ಮುಗಿದ ಮೇಲೆ ಬಹುತೇಕ ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ; ಬಿಎಸ್‌ಎನ್‌ಎಲ್‌ನ ಹಲವು ಪ್ಲಾನ್‌ಗಳಲ್ಲಿ 40. 64 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 8 ಕಿಲೋಬೈಟ್, ಅಂದರೆ ಒಂದು ಎಂಬಿ ಇಳಿಯಲು ಎರಡು ನಿಮಿಷಕ್ಕಿಂತ ಹೆಚ್ಚು. ಈ ವೇಗದಲ್ಲಿ ದಿನದ 24 ಗಂಟೆಯೂ ಕ್ಷಣ ಬಿಡದೆ ಎಳೆದರೂ 700 ಎಂಬಿ ದಾಟುವುದಿಲ್ಲ. ಮಿತಿಯಿಲ್ಲ ಎಂದು ಅವರು ಬರೆದದ್ದು ಸುಳ್ಳಲ್ಲ, ಬಾವಿಯ ನೀರಿಗೆ ಮಿತಿಯಿಲ್ಲ ಎಂದು ಹೇಳಿ ಕೈಗೆ ಚಮಚ ಕೊಟ್ಟಿದ್ದಾರೆ, ಅಷ್ಟೆ.

ಉತ್ತರ 2: ಹೋಮ್‌ಸ್ಟೇ ನಡೆಸುವವನು, ಮೂಡಿಗೆರೆ

ಹಿಂದಿನವರು ಹೇಳಿದ್ದು ಸರಿ. ಆದರೆ ನಿಜವಾದ 5ಜಿ ಸಿಕ್ಕರೂ ಇನ್ನೊಂದು ಬೇಲಿ ಇದೆ, ನಾನು ಅದಕ್ಕೆ ಡಿಕ್ಕಿ ಹೊಡೆದವನು.

ನಮ್ಮ ಹೋಮ್‌ಸ್ಟೇ ಟವರಿಗೆ ನೇರ ಎದುರಿಗಿದೆ. ಒಂದು ಸಿಮ್ಮನ್ನು 5ಜಿ ರೂಟರಿಗೆ ಹಾಕಿ, ಅತಿಥಿಗಳಿಗೆಲ್ಲ ವೈಫೈ ಎಂದು ಬೋರ್ಡು ಬರೆಸಿದೆ. ಎರಡು ವಾರ ಸುಖವಾಗಿತ್ತು. ಮೂರನೆಯ ವಾರ ಶನಿವಾರದಂದು, ಆರು ಕೋಣೆಗಳೂ ತುಂಬಿರುವಾಗ, ವೇಗ ನಿಂತೇಹೋಯಿತು. ಕೇಳಿದಾಗ, ನಿಮ್ಮ ಬಳಕೆ “ವಾಣಿಜ್ಯ ಬಳಕೆ”ಯಂತೆ ಕಾಣುತ್ತಿದೆ, ಈ ಸೌಲಭ್ಯ ಸ್ವಂತ ಬಳಕೆಗೆ ಮಾತ್ರ ಎಂದರು. ಷರತ್ತುಗಳ ಪುಟವನ್ನು ಅಂದು ಮೊದಲ ಬಾರಿಗೆ ಓದಿದೆ. 28 ಅಥವಾ 30 ದಿನಗಳಲ್ಲಿ 300 ಜಿಬಿ ದಾಟಿದರೆ ಅದನ್ನು ವಾಣಿಜ್ಯ ಬಳಕೆ ಎಂದು ಪರಿಗಣಿಸುವ ಷರತ್ತು ಇಂಥ ಪ್ಲಾನ್‌ಗಳಲ್ಲಿ ಇರುತ್ತದೆ. ದಿನಕ್ಕೆ ಹತ್ತು ಜಿಬಿಯ ಸುಮಾರು ಎಂದಾಯಿತು. ಒಬ್ಬರಿಗೆ ಅದು ಧಾರಾಳ. ಆರು ಕೋಣೆಯ ಅತಿಥಿಗಳು ರಾತ್ರಿ ಕ್ರಿಕೆಟ್ ನೋಡಲು ಕುಳಿತರೆ ಏನೇನೂ ಸಾಲದು. ಕಂಪನಿಯ ಮೇಲೆ ಸಿಟ್ಟು ಬಂದದ್ದು ನಿಜ, ಆದರೆ ಒಂದು ಟವರಿನ ಸಾಮರ್ಥ್ಯವನ್ನು ಊರಿನವರೆಲ್ಲ ಹಂಚಿಕೊಳ್ಳಬೇಕಾದಲ್ಲಿ ನನ್ನೊಬ್ಬನ ವ್ಯಾಪಾರಕ್ಕೆ ಅದನ್ನು ಬಿಟ್ಟುಕೊಡಿ ಎಂದು ವಾದಿಸುವ ಮುಖ ನನಗಿರಲಿಲ್ಲ.

ನಿಮ್ಮ ಮಗಳ ಲ್ಯಾಪ್‌ಟಾಪ್ ಒಂದೇ ಆದರೆ ಈ ಬೇಲಿಯವರೆಗೆ ನೀವು ಹೋಗಲಾರಿರಿ. ಟಿವಿಯನ್ನೂ ಅದೇ ಹಾಟ್‌ಸ್ಪಾಟಿಗೆ ಜೋಡಿಸಿದರೆ ಮಾತ್ರ ಎಚ್ಚರ. ಅಂದಹಾಗೆ, ಮನೆಯ ಫೈಬರ್ ಸಂಪರ್ಕದಲ್ಲೂ ಮಿತಿ ಇದೆ. ಜಿಯೊಫೈಬರಿಗೆ ತಿಂಗಳಿಗೆ 3300 ಜಿಬಿ, ನಿಸ್ತಂತು ಏರ್‌ಫೈಬರಿಗೆ 1000 ಜಿಬಿ. ಮಿತಿ ಅಷ್ಟು ದೂರದಲ್ಲಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಉತ್ತರ 3: ಗ್ರಾಹಕ ವ್ಯಾಜ್ಯಗಳ ವಕೀಲೆ, ಬೆಂಗಳೂರು

ಮೊದಲು ಒಂದು ಭಾಷೆಯ ಮಾತು. ಜಾಹೀರಾತುಗಳು ಬಳಸುವ “ಅನಿಯಮಿತ” ಎಂಬ ಪದಕ್ಕೆ ಮಿತಿಯಿಲ್ಲದ್ದು ಎಂಬ ಅರ್ಥ ಕನ್ನಡದಲ್ಲಿ ಸಹಜವಾದುದಲ್ಲ. ನಿಯಮಕ್ಕೆ ಒಳಪಡದ್ದು, ಹೊತ್ತುಗೊತ್ತಿಲ್ಲದ್ದು ಎಂದೇ ಅದನ್ನು ಓದಬೇಕು. ಮಿತಿಯಿಲ್ಲದ್ದು “ಅಪರಿಮಿತ”. ತೋಟದ ಯಜಮಾನರ ಅನುಭವವನ್ನು ನೋಡಿದರೆ ಜಾಹೀರಾತಿನವರು ತಿಳಿಯದೆಯೇ ಸರಿಯಾದ ಪದ ಹಾಕಿದ್ದಾರೆ.

ಕಾನೂನಿನ ಕಡೆಯಿಂದ ಹೇಳುವುದಾದರೆ, ಮಿತಿ ಹಾಕುವುದೇ ಅಕ್ರಮ ಎಂದು ವಾದಿಸಿ ಗೆಲ್ಲುವುದು ಕಷ್ಟ. ಮಿತಿಯನ್ನು ಗ್ರಾಹಕರಿಗೆ ತಿಳಿಸಿರಬೇಕು ಎಂಬುದರ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒತ್ತು ಕೊಟ್ಟಿದೆ. ಮಿತಿ ಮುಗಿದ ಮೇಲೂ ವೇಗ 512 ಕೆಬಿಪಿಎಸ್‌ಗಿಂತ ಕೆಳಗಿಳಿಯಕೂಡದು ಎಂದು 2016ರಲ್ಲಿ ಅದು ಆದೇಶಿಸಿದ್ದು ಸ್ಥಿರ ಬ್ರಾಡ್‌ಬ್ಯಾಂಡಿಗೆ. ಮೊಬೈಲಿಗೆ ಆ ರಕ್ಷಣೆ ದೊರೆಯಲಿಲ್ಲ. 2023ರ ಜನವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕೆಂದು ವ್ಯಾಖ್ಯಾನವನ್ನು ಬದಲಾಯಿಸಿತು. ನಿಮಗೆ ಮಧ್ಯಾಹ್ನದ ಮೇಲೆ ಸಿಗುವ 64 ಕೆಬಿಪಿಎಸ್ ಅದರ ಮೂವತ್ತೊಂದನೆಯ ಒಂದು ಭಾಗ. ಮೊಬೈಲಿಗೂ ಕನಿಷ್ಠ ವೇಗವನ್ನು ಗೊತ್ತುಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ರಾಜ್ಯದ ಪಹಣಿಯಿಂದ ಬ್ಯಾಂಕಿನವರೆಗೆ ಎಲ್ಲವನ್ನೂ ಫೋನಿಗೆ ತಂದ ಮೇಲೆ 64 ಕೆಬಿಪಿಎಸ್ ಎಂಬುದು ಬಾಗಿಲು ಮುಚ್ಚಿದಂತೆಯೇ.

ಪ್ಲಾನ್ ಮಾರುವಾಗ ನಿಮಗೆ ಏನು ತಿಳಿಸಿದರು ಎಂಬುದರ ಮೇಲೆ ನಿಮ್ಮ ದೂರು ನಿಲ್ಲುತ್ತದೆ. ಜಿಯೊ ಮತ್ತು ಏರ್‌ಟೆಲ್ ಎರಡೂ 2024ರ ಜುಲೈ 3ರ ದರ ಏರಿಕೆಯ ಜೊತೆಗೆ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಲಾನ್‌ಗಳಿಗೆ ಸೀಮಿತಗೊಳಿಸಿದವು. ಅಂದರೆ ಗ್ರಾಹಕರು ಹೆಚ್ಚಿನ ಬೆಲೆಯ ಪ್ಲಾನ್ ಕೊಳ್ಳುವುದೇ 5ಜಿಗಾಗಿ. ಅಂಗಡಿಯವರು “ನಿಮ್ಮ ಮನೆಗೆ 5ಜಿ ಬರುತ್ತದೆ” ಎಂದು ಹೇಳಿ ಮಾರಿದ್ದು, ಅದು ಬರುವುದಿಲ್ಲ ಎಂದು ನೀವು ತೋರಿಸಬಲ್ಲಿರಾದರೆ ನಿಮ್ಮ ವಾದಕ್ಕೆ ನೆಲೆ ಸಿಗುತ್ತದೆ. 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಸೇವಾ ಗುಣಮಟ್ಟದ ನಿಯಮಗಳಂತೆ ಕಂಪನಿಗಳು ಎಲ್ಲಿ ಯಾವ ಸೇವೆ ಇದೆ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ನಿಮ್ಮ ಊರು ಅದರಲ್ಲಿ ಯಾವ ಬಣ್ಣದಲ್ಲಿದೆ ಎಂಬುದರ ಚಿತ್ರವನ್ನು ಇಂದೇ ತೆಗೆದಿಟ್ಟುಕೊಳ್ಳಿ.

ಬರಿಯ ಕರೆಯಿಂದ ಏನೂ ಆಗದು. ಕಂಪನಿಯ ದೂರು ಸಂಖ್ಯೆಯಾದ 198ಕ್ಕೆ ದೂರು ದಾಖಲಿಸಿ, ದೂರಿನ ಗುರುತಾದ ಡಾಕೆಟ್ ಸಂಖ್ಯೆಯನ್ನು ಪಡೆಯಿರಿ. ಉತ್ತರ ತೃಪ್ತಿ ತರದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನ ಹೇಳಬೇಕು. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಿಸುವುದಿಲ್ಲ, ಆದ್ದರಿಂದ ಅಲ್ಲಿಗೆ ಬರೆದು ಕಾಯಬೇಡಿ. ಕೊನೆಯ ದಾರಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ದೂರಸಂಪರ್ಕದ ದೂರುಗಳನ್ನು ಗ್ರಾಹಕ ವೇದಿಕೆಗಳು ಕೇಳಕೂಡದೆಂದು ಕಂಪನಿಗಳು ಹಳೆಯ ಟೆಲಿಗ್ರಾಫ್ ಕಾಯ್ದೆಯನ್ನು ಮುಂದಿಟ್ಟು ವಾದಿಸುತ್ತಿದ್ದವು. 2022ರ ಫೆಬ್ರವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿದೆ.

ಉತ್ತರ 4: ಸಾಗರದವನು, ಈಗ ಸ್ಯಾನ್ ಹೊಸೆ

ವಕೀಲೆಯವರು ಹೇಳಿದ ಅಧಿಕಾರವ್ಯಾಪ್ತಿಯ ಜಗಳ ಇಲ್ಲಿ ಅಮೆರಿಕದಲ್ಲಿಯೂ ನಡೆದಿತ್ತು. ಎಟಿ ಅಂಡ್ ಟಿ ಕಂಪನಿ ಅನ್‌ಲಿಮಿಟೆಡ್ ಎಂದು ಮಾರಿದ ಪ್ಲಾನ್‌ಗಳ ವೇಗವನ್ನು 2011ರಿಂದ ಕಡಿತಗೊಳಿಸತೊಡಗಿತು. ಕೆಲವರಿಗೆ ತಿಂಗಳಿಗೆ 2 ಜಿಬಿ ಬಳಸಿದೊಡನೆಯೇ ಈ ಕಡಿತ ಬರುತ್ತಿತ್ತು. ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಎಂದು ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಮೊಕದ್ದಮೆ ಹೂಡಿತು. ನಮ್ಮ ಮೇಲೆ ನಿಮಗೆ ಅಧಿಕಾರವೇ ಇಲ್ಲ ಎಂಬ ಕಂಪನಿಯ ವಾದ ಬಿದ್ದುಹೋಗಲು 2018 ಬರಬೇಕಾಯಿತು, 2019ರಲ್ಲಿ 6 ಕೋಟಿ ಡಾಲರಿಗೆ ರಾಜಿಯಾಯಿತು. ಅಲ್ಲಿಯೂ ತಪ್ಪೆನಿಸಿದ್ದು ಮಿತಿ ಹಾಕಿದ್ದಲ್ಲ, ಅದನ್ನು ಮುಚ್ಚಿಟ್ಟದ್ದು.

ನಮ್ಮದೇ ಸಾಂಟಾ ಕ್ಲಾರಾ ಕೌಂಟಿಯ ಅಗ್ನಿಶಾಮಕ ದಳದ ಕಥೆಯನ್ನು ಇಲ್ಲಿ ಈಗಲೂ ನೆನೆಯುತ್ತಾರೆ. 2018ರ ಬೇಸಿಗೆಯಲ್ಲಿ ಮೆಂಡೊಸಿನೊ ಕಾಳ್ಗಿಚ್ಚಿನ ಹೊತ್ತಿಗೆ, ಅವರ ಸಂಪರ್ಕ ವಾಹನದಲ್ಲಿದ್ದ ವೆರೈಜನ್ ಸಿಮ್ಮು ಮಿತಿ ದಾಟಿದ್ದರಿಂದ ವೇಗ ಇನ್ನೂರನೆಯ ಒಂದು ಭಾಗಕ್ಕೆ ಇಳಿಯಿತು. ಅದೂ “ಅನ್‌ಲಿಮಿಟೆಡ್” ಪ್ಲಾನೇ. ಹೆಚ್ಚಿನ ಬೆಲೆಯ ಪ್ಲಾನಿಗೆ ಬದಲಾಯಿಸಿಕೊಳ್ಳಿ ಎಂದು ಕಂಪನಿಯ ಸಿಬ್ಬಂದಿ ಉತ್ತರ ಕೊಟ್ಟಿದ್ದರು. ಗ್ರಾಹಕ ಸೇವೆಯಲ್ಲಿ ತಪ್ಪಾಯಿತೆಂದು ಕಂಪನಿ ಆಮೇಲೆ ಒಪ್ಪಿಕೊಂಡಿತು.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಕೃತಜ್ಞತೆಗಳು. ಶಿವಮೊಗ್ಗದವರು ಹೇಳಿದ ಪರೀಕ್ಷೆಯನ್ನು ಮಾಡಿದೆವು. ನಡುಮನೆಯ ಮೇಜಿನಲ್ಲಿ ಒಂದು ಗಂಟೆಯ ಮೀಟಿಂಗಿಗೆ 870 ಎಂಬಿ ಕಡಿತವಾಯಿತು. ಮಾರನೆಯ ದಿನ ಅಟ್ಟದ ಪೂರ್ವದ ಕಿಟಕಿಯ ಬಳಿ ಅಡಿಕೆ ಚೀಲಗಳನ್ನು ಸರಿಸಿ ಮಗಳನ್ನು ಕೂರಿಸಿದೆ. ಅಷ್ಟೇ ಹೊತ್ತಿನ ಮೀಟಿಂಗಿಗೆ ಬರಿಯ 12 ಎಂಬಿ. ಫೋನಿನ ಗುರುತು ಎರಡು ಕಡೆಯೂ 5ಜಿ ಎಂದೇ ತೋರಿಸುತ್ತಿತ್ತು.

ಸದ್ಯಕ್ಕೆ ಫೋನು ಮಾತ್ರ ಅಟ್ಟದ ಕಿಟಕಿಯಲ್ಲಿ ಚಾರ್ಜಿಗೆ ಹಾಕಿದ ಹಾಗೇ ಇರುತ್ತದೆ, ಮಗಳು ಅದರ ನೇರ ಕೆಳಗಿನ ಕೋಣೆಯಲ್ಲಿ ಕೂರುತ್ತಾಳೆ. ಹಾಟ್‌ಸ್ಪಾಟ್ ಹಲಗೆಯ ಸಂದಿನಿಂದ ಕೆಳಗೆ ಬರುತ್ತದೆ. ಯಾರಾದರೂ ಫೋನ್ ಮಾಡಿದರೆ ನಾನು ಏಣಿ ಹತ್ತಬೇಕು. ನಕ್ಷೆಯಲ್ಲಿ ನಮ್ಮ ಇಡೀ ಊರಿಗೆ 5ಜಿ ಬಣ್ಣ ಬಳಿದಿದ್ದಾರೆ, ಅದರ ಚಿತ್ರ ತೆಗೆದಿಟ್ಟು 198ರಲ್ಲಿ ದೂರು ದಾಖಲಿಸಿದ್ದೇನೆ. ಡಾಕೆಟ್ ಸಂಖ್ಯೆ ಬಂದಿದೆ, ಉತ್ತರ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.